ಬೀರಮ್ಮ ಇಟ್ಟ ತಪ್ಪು ಕಾಣಿಕೆ

ವಾಸಂತಿ, ನೀನು ಒಂದೂವರೆ ವರ್ಷದ ಮಗುವಾಗಿದ್ದಾಗ ನಿನ್ನ ಮೈತುಂಬ ಕೆಂಪು ಗಂದೆ ಎದ್ದದ್ದು ಬೀರಮ್ಮನ ಸೊಪ್ಪಿನಿಂದಲ್ಲ — ನಾನು ಕೊಟ್ಟ ಗುಳಿಗೆಯಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೆ ಅದೂ ಸುಳ್ಳೇ. ಒಂದು ಮಾತು ಆಡಿದ್ದೆ. ಆ ಮಾತಿಗೆ ಬರುತ್ತೇನೆ, ಸ್ವಲ್ಪ ತಾಳು.

ಮೊದಲು ನನ್ನ ಜಂಭದ ಕಥೆ ಕೇಳು. ನೀನು ಈಗ ನನ್ನನ್ನು ಕಾಣುವುದು ಮುದಿ ಕಂಪೌಂಡರ್ ಮಾಮನಾಗಿ. ಆಗ ನನಗೆ ಇಪ್ಪತ್ತಾರು. ನಮ್ಮ ಜಿಲ್ಲೆ ಮುಂಬಯಿ ಇಲಾಖೆ ಬಿಟ್ಟು ಮೈಸೂರಿಗೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ವಾರವೆಲ್ಲ ಕುಮಟೆಯ ಪೇಟೆಯಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಕೆಲಸ. ಶನಿವಾರ ಸಂಜೆ ಸೈಕಲ್ ಹತ್ತಿ ನಮ್ಮೂರು ಅಘನಾಶಿನಿಗೆ. ಭಾನುವಾರ ನಮ್ಮ ಮನೆಯ ಜಗಲಿಯೇ ಆಸ್ಪತ್ರೆ. ತದಡಿಯಿಂದ ಹೊಳೆ ದಾಟಿ ಜನ ಬರುತ್ತಿದ್ದರು. ಔಷಧಿ ಬಾಟಲಿಗೆ ಅಂಟಿಸುವ ಅಳತೆಯ ಕಾಗದವನ್ನು ನನ್ನಷ್ಟು ಚಂದ ಕತ್ತರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ — ಈಗಲೂ ಹೇಳುತ್ತೇನೆ, ಇರಲಿಲ್ಲ. ಯಾರಾದರೂ “ಡಾಕ್ಟ್ರೇ” ಎಂದರೆ “ಡಾಕ್ಟರಲ್ಲ ಮಾರಾಯ, ಕಂಪೌಂಡರ್” ಎಂದು ತಿದ್ದುತ್ತಿದ್ದೆ. ಎರಡನೇ ಸಲ ಕರೆದರೆ ತಿದ್ದುತ್ತಿರಲಿಲ್ಲ.

ಒಂದೇ ಒಂದು ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು. ನಮ್ಮ ಜನ ಔಷಧಿಗಿಂತ ಔಷಧಿ ಕೊಡುವ ಕೈಯನ್ನು ನೋಡುವವರು. ಕೈಗುಣ ಎಂಬುದೊಂದು ಇದೆಯಲ್ಲ — ಅದು ಊರಲ್ಲಿ ಬೀರಮ್ಮನದು. ಗುಡ್ಡದ ಬುಡದಲ್ಲಿ ಅವಳ ಮನೆ. ಗದ್ದೆ ನೆಟ್ಟಿಗೆ ಹೋದರೆ ಹಾಡು ಎತ್ತಿಕೊಡುವವಳು ಅವಳೇ. ಮಕ್ಕಳಿಗೆ ಸೊಪ್ಪು ಅರೆದು ಹಚ್ಚುವವಳೂ ಅವಳೇ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎಂದು ಅವಳ ನಂಬಿಕೆ. ಮಗುವಿಗೆ ಏನಾದರೂ ಆದರೆ ಹೆಂಗಸರು ಮೊದಲು ಅವಳಲ್ಲಿಗೆ ಹೋಗಿ, ಆಮೇಲೆ ನನ್ನ ಜಗಲಿಗೆ ಬರುತ್ತಿದ್ದರು. ಎರಡನೆಯವನಾಗುವುದು ನನಗೆ ಸೇರುತ್ತಿರಲಿಲ್ಲ.

ನಿನ್ನನ್ನು ಹೆತ್ತ ಆಯಿ ಗೌರಕ್ಕ ನಮ್ಮ ಪಕ್ಕದ ಮನೆಯವಳು. ಅವಳೊಬ್ಬಳು ಮೊದಲು ನನ್ನನ್ನೇ ಕೇಳುವವಳು. ನಿನ್ನ ಕಿವಿ ಸೋರುತ್ತಿತ್ತು. ಆ ಭಾನುವಾರ ನಾನು ಸಲ್ಫಾ ಗುಳಿಗೆ ಕೊಟ್ಟೆ. ಪುಡಿಮಾಡಿ ಜೇನಿನಲ್ಲಿ ನೆಕ್ಕಿಸು ಎಂದೆ, ಎರಡು ವಾರ ತಪ್ಪಿಸಬೇಡ ಎಂದೆ. ನಮ್ಮ ಡಾಕ್ಟರನ್ನು ಕೇಳಲಿಲ್ಲ. ಕೇಳುವುದೇನು — ಅವರು ಕೊಡುವುದನ್ನು ದಿನಾ ನೋಡುತ್ತಿರಲಿಲ್ಲವೇ ನಾನು? ನಾಲ್ಕೇ ದಿನದಲ್ಲಿ ನಿನ್ನ ಕಿವಿ ಒಣಗಿತು.

ಮುಂದಿನ ವಾರ ಮಂಗಳವಾರ ನಿನಗೆ ಜ್ವರ ಬಂತು. ನಾನು ಕುಮಟೆಯಲ್ಲಿದ್ದೆ. ಗೌರಕ್ಕ ಬೀರಮ್ಮನನ್ನು ಕರೆಸಿದಳು. ಬೀರಮ್ಮ ತಂಪಿನ ಸೊಪ್ಪು ಅರೆದು ನಿನ್ನ ನೆತ್ತಿಗೆ, ಬೆನ್ನಿಗೆ ಹಚ್ಚಿದಳು. ಮರುದಿನ ಬೆಳಗಾಗುವಾಗ ಮುಖದಿಂದ ಪಾದದವರೆಗೆ ಕೆಂಪು. ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತಂತೆ.

ಊರೆಲ್ಲ “ಅಮ್ಮ ಬಂದಾಳೆ” ಎಂದಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಲು ಹೊರಟರು. ಬೀರಮ್ಮ ಸುಮ್ಮನೆ ಹೂಂಗುಟ್ಟಿದ್ದರೆ ಸಾಕಿತ್ತು ನೋಡು — ದೇವಿಯ ಮೇಲೆ ಹಾಕಿ ಪಾರಾಗುತ್ತಿದ್ದಳು. ಅವಳು ನಿನ್ನನ್ನು ಬೆಳಕಿಗೆ ತಂದು, ಕೈ ಕಾಲು ತಿರುಗಿಸಿ ನೋಡಿ, “ಇದು ಅಮ್ಮ ಅಲ್ಲ ಗೌರಕ್ಕ. ಎಂತದೋ ಮಗೂನ ಮೈಗೆ ಆಗ್ಲಿಲ್ಲ” ಎಂದಳು. ಸರಿಯಾಗಿಯೇ ಹೇಳಿದಳು! ಅಕ್ಷರ ಬಾರದ ಹೆಂಗಸು, ನಮ್ಮ ಡಾಕ್ಟರು ಪುಸ್ತಕ ನೋಡಿ ಹೇಳುವುದನ್ನು ಕಣ್ಣಿನಲ್ಲೇ ನೋಡಿ ಹೇಳಿದಳು. ಆದರೆ ಎಂತದು ಮೈಗೆ ಆಗಲಿಲ್ಲ? ಜನರ ಕಣ್ಣಿಗೆ ಬಿದ್ದದ್ದು ಹಿಂದಿನ ದಿನದ ಸೊಪ್ಪು. ಕಿವಿಯ ಗುಳಿಗೆ ಯಾರ ತಲೆಗೂ ಹೋಗಲಿಲ್ಲ. ಗೌರಕ್ಕ ಅದನ್ನು ಇನ್ನೂ ಜೇನಿನಲ್ಲಿ ನೆಕ್ಕಿಸುತ್ತಲೇ ಇದ್ದಳು.

ಹೇಳಿಕಳಿಸಿದರೆಂದು ನಾನು ಅವತ್ತು ಮಧ್ಯಾಹ್ನವೇ ಬಂದೆ. ಬಾಗಿಲಲ್ಲಿ ನಿಂತು ನಿನ್ನನ್ನು ನೋಡಿದ್ದೇ ನನಗೆ ಗೊತ್ತಾಯಿತು. ನಮ್ಮ ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು: “ಸಲ್ಫಾ ಕೆಲವರ ಮೈಗೆ ಆಗುವುದಿಲ್ಲ. ಕೊಟ್ಟ ದಿನವೇ ಅಂತಲ್ಲ, ಎಂಟು ಹತ್ತು ದಿನ ಬಿಟ್ಟೂ ಜ್ವರ ಬಂದು ಮೈ ಕೆಂಪಾಗಬಹುದು. ಹಾಗಾದರೆ ನಿಲ್ಲಿಸು. ಮತ್ತೆ ಜನ್ಮದಲ್ಲಿ ಕೊಡಬೇಡ.” ಬೆರಳು ಮಡಚಿ ಲೆಕ್ಕ ಹಾಕಿದೆ. ಜ್ವರ ಬಂದದ್ದು ಹತ್ತನೆಯ ದಿನ.

ಉಳಿದ ಗುಳಿಗೆಗಳ ಪೊಟ್ಟಣ ಗೂಡಿನಲ್ಲಿತ್ತು. “ಇನ್ನು ಇದು ಬೇಡ, ಕಿವಿ ಒಣಗಿತಲ್ಲ” ಎಂದು ಎತ್ತಿ ಜೇಬಿಗೆ ಹಾಕಿಕೊಂಡೆ. ನೀರಿಗೆ ಗುಲಾಬಿ ಬಣ್ಣ, ಸ್ವಲ್ಪ ಸಕ್ಕರೆ ಪಾಕ — ಅದೇ ನಾನು ನಿನಗೆ ಕೊಟ್ಟ ‘ಔಷಧಿ’. ಬಾಟಲಿಗೆ ಅಳತೆಯ ಕಾಗದ ಅಂಟಿಸಿದೆ, ಅಷ್ಟೇ ಚಂದ ಕತ್ತರಿಸಿ. ನನಗೆ ಈಗ ಹೆಚ್ಚು ಹೇಸಿಗೆಯಾಗುವುದು ಅದಕ್ಕೇ.

ಅಂಗಳದಲ್ಲಿ ಹತ್ತಾರು ಜನ. ಬೀರಮ್ಮ ತುಳಸಿಕಟ್ಟೆಯ ಹತ್ತಿರ ನಿಂತಿದ್ದಳು. ಸೊಪ್ಪಿನಿಂದಲೇ ಆಯಿತೆಂದು ಜನ ಬೈಯುತ್ತಿದ್ದರೆ ಅವಳು ನೇರ ನನ್ನ ಹತ್ತಿರ ಬಂದು ಕೇಳಿದಳು: “ತಮಾ, ನೀ ಕಲ್ತವ. ಇವ್ರ ಮಾತು ಬಿಡು. ನನ್ನ ಸೊಪ್ಪಿಂದೇ ಹಿಂಗಾತಾ? ನೀ ಹೇಳು.”

ನಾನು ಹೇಳಿದೆ: “ಆಗಿರಬಹುದು, ಬೀರಮ್ಮ.”

ಇಷ್ಟೇ. ‘ಹೌದು’ ಎನ್ನಲಿಲ್ಲ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ — ಥೂ.

ಮೂರು ದಿನದಲ್ಲಿ ಜ್ವರ ಬಿಟ್ಟಿತು, ಕೆಂಪು ಇಳಿಯಿತು. ಬೆನ್ನಿನ ಸಿಪ್ಪೆ ಸುಲಿದು ಹೊಸ ಚರ್ಮ ಬಂತು. ನನ್ನ ವಿಷವನ್ನು ನಾನು ನಿಲ್ಲಿಸಿದ್ದಕ್ಕೆ ನೀನು ಬದುಕಿದೆ. ಊರು ಅದನ್ನು ನನ್ನ ಕೈಗುಣ ಎಂದಿತು. ಅಲ್ಲಿಂದ ನಾನು ಒಂದನೆಯವನಾದೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಹೊನ್ನಾವರದಿಂದ, ಭಟ್ಕಳದಿಂದ ಕೂಡ ಮಕ್ಕಳನ್ನು ಎತ್ತಿಕೊಂಡು ಬಂದರು.

ನೀನು ಹುಷಾರಾದ ಮಾರನೆಯ ದಿನ ಬೀರಮ್ಮ ನಿಮ್ಮ ಮನೆಗೆ ಬಂದಳು. ಮಿಂದು, ಮಡಿ ಸೀರೆ ಉಟ್ಟು, ಕೊರಳಿನ ಮಣಿಸರಗಳನ್ನೆಲ್ಲ ಹಾಕಿಕೊಂಡು — ಮದುವೆ ಮನೆಗೆ ಹೊರಟವಳ ಹಾಗೆ ತಲೆಯೆತ್ತಿ ಬಂದಳು. ಒಂದು ತೆಂಗಿನಕಾಯಿ, ಎರಡು ದಾಸವಾಳ. ತಪ್ಪು ಕಾಣಿಕೆ ಎಂದು ನಿಮ್ಮ ತುಳಸಿಕಟ್ಟೆಯ ಮೇಲೆ ಇಟ್ಟಳು. ತೊಟ್ಟಿಲಿನ ಹತ್ತಿರ ಬಂದು, ಒಂದೂವರೆ ವರ್ಷದ ನಿನಗೆ ಕೈಮುಗಿದು, “ತಪ್ಪಾತು ಮಗಾ” ಎಂದಳು. ನಾನು ಅಲ್ಲೇ ಕಂಬಕ್ಕೆ ಒರಗಿ ಚಹಾ ಕುಡಿಯುತ್ತಿದ್ದೆ.

ಆಮೇಲೆ ಅವಳು ಯಾರಿಗೂ ಸೊಪ್ಪು ಅರೆಯಲಿಲ್ಲ. ಕಾಡಿ ಬೇಡಿ ಬಂದವರಿಗೂ, “ಕಂಪೌಂಡ್ರ ಹತ್ರ ಹೋಗಿ. ನನ್ನ ಕೈ ತಪ್ಪಿತು” ಎನ್ನುತ್ತಿದ್ದಳಂತೆ. ಸಾಯುವ ಮೊದಲು ಒಬ್ಬರಿಗಾದರೂ ವಿದ್ಯೆ ಹೇಳಿಕೊಡುವುದು ಅವರಲ್ಲಿ ಪದ್ಧತಿ. ಸೊಸೆ ಕೇಳಿದ್ದಕ್ಕೆ, ತಪ್ಪಿದ ಕೈಯದ್ದು ಬೇಡ ಎಂದುಬಿಟ್ಟಳು. ಯಾವ ಬೇರು, ಯಾವ ಸೊಪ್ಪು, ಎಷ್ಟು — ಅಷ್ಟೂ ಅವಳ ಜೊತೆಗೇ ಹೋಯಿತು. ಒಂದು ಭಾನುವಾರ ಕೆಮ್ಮು ಹಿಡಿದು ನನ್ನ ಜಗಲಿಗೇ ಬಂದಿದ್ದಳು, ಎಲ್ಲರ ಹಾಗೆ ಸರತಿಯಲ್ಲಿ ಕುಳಿತಳು. ಬಾಟಲಿ ಕೊಟ್ಟೆ. “ನಿನ್ನ ಕೈಗುಣ ಚಲೋ ಇದ್ದು ಅಂತ್ರು ತಮಾ” ಎಂದಳು. ಕುಹಕವಿರಲಿಲ್ಲ, ವಾಸಂತಿ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಕೇಳುತ್ತೀಯ. ಹೋದ ತಿಂಗಳು ನಿನಗೆ ಜ್ವರ ಬಂದಾಗ ಕುಮಟೆಯ ಹೊಸ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆನಲ್ಲ. ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವೇ ಎಂದು ಅವರು ಕೇಳಿದರು. ನೀನು — ಮಾವಳ್ಳಿ ಶಾಲೆಯ ಹೆಡ್ ಅಕ್ಕೋರು, ನಮ್ಮ ಕೇರಿಯಲ್ಲಿ ಮೆಟ್ರಿಕ್ ದಾಟಿದ ಮೊದಲ ಹುಡುಗಿ, ನಾನು ಊರಿಗೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ತಿರುಗುವ ಹುಡುಗಿ — ನಕ್ಕು ಹೇಳಿದೆ: “ಗುಳಿಗೆ ಎಲ್ಲಾ ಆಗ್ತದೆ ಡಾಕ್ಟ್ರೇ. ಸೊಪ್ಪಿನ ಔಷಧಿ ಮಾತ್ರ ಆಗೂದಿಲ್ಲ. ಸಣ್ಣಕಿದ್ದಾಗ ಸತ್ತೇ ಹೋಗ್ತಿದ್ದೆ, ಈ ಮಾಮ ಉಳಿಸಿದ್ರು.”

ಡಾಕ್ಟರು ಚೀಟಿ ಬರೆದರು. ಹೊರಗೆ ಬಂದವನೇ ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡು ಓದಿದೆ. “ಎಂತ ಮಾಮ, ಹಳೇ ಚಾಳಿ ಬಿಡ್ಲಿಲ್ವಾ?” ಎಂದು ನೀನು ನಗಾಡಿದೆ. ಚಾಳಿಯಲ್ಲ ಮಗಳೇ. ಸಲ್ಫಾ ಇದೆಯೇ ಎಂದು ಹುಡುಕಿದೆ. ಆ ಸಲ ಇರಲಿಲ್ಲ. ಮುಂದಿನ ಸಲ ನಾನು ಪಕ್ಕದಲ್ಲಿ ಇರದಿದ್ದರೆ? ಎರಡನೇ ಸಲ ಆ ಔಷಧಿ ನಿನ್ನ ಮೈಗೆ ಹೋದರೆ ಮೂರು ದಿನದಲ್ಲಿ ಇಳಿಯುವ ಕೆಂಪಾಗಿರಲಿಕ್ಕಿಲ್ಲ ಅದು. ನನ್ನ ಹೆಸರು ಉಳಿಸಿಕೊಳ್ಳಲು ಅವತ್ತು ಬೀರಮ್ಮನನ್ನು ಕೊಟ್ಟೆ. ಈಗ ನಿನ್ನನ್ನೂ ಕೊಡುವುದೇ?

ದೇವಸ್ಥಾನದಲ್ಲಿ ಎಷ್ಟೋ ಸಲ ಕಾಣಿಕೆ ಹಾಕಿದ್ದೇನೆ. ಅದು ಸುಲಭ, ದೇವರು ಊರಿಗೆ ಹೇಳುವುದಿಲ್ಲ. ಈ ಭಾನುವಾರ ಬೀರಮ್ಮನ ಮಗನ ಅಂಗಳಕ್ಕೆ ತೆಂಗಿನಕಾಯಿ ಹಿಡಿದು ಹೋಗುತ್ತೇನೆ, ಕೇರಿಯವರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಅವಳ ಹಾಗೆ ತಲೆಯೆತ್ತಿ ನಿಲ್ಲಲು ನನಗೆ ಆಗುತ್ತದೋ ಇಲ್ಲವೋ. ತನ್ನದಲ್ಲದ ತಪ್ಪಿಗೆ ಅಷ್ಟು ನೆಟ್ಟಗೆ ನಿಂತವಳು ಅವಳು.

ನೀನು ಮಾಡಬೇಕಾದ್ದು ಇಷ್ಟು. ಸಲ್ಫಾ ಮೈಗೆ ಆಗುವುದಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೋ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸು. ಯಾವಾಗ ಗೊತ್ತಾಯಿತು ಎಂದು ಕೇಳಿದರೆ, ಒಂದೂವರೆ ವರ್ಷದವಳಿದ್ದಾಗ ಎನ್ನು. ಎಂತದೋ ಮೈಗೆ ಆಗಲಿಲ್ಲ ಎಂದು ಬೀರಮ್ಮ ಎಂಬವಳು ಅವತ್ತೇ ಗುರುತಿಸಿದ್ದಳು ಎನ್ನು. ಗುಳಿಗೆ ಕೊಟ್ಟವ ಯಾರು ಎಂದು ಕೇಳಿದರೆ — ನನ್ನ ಹೆಸರು ಹೇಳು.