ಬಿಸಿಲೇಳುವ ಮೊದಲಿನ ಕೆಲಸ

ಹಾರಂಗಿ ನಾಲೆಯ ಮೇಲೆ ಇನ್ನೂ ಮಂಜು ಕೂತಿದೆ. ಏರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬು. ಅದರಡಿ ನೀಲಾವತಿ ಗಜನಿಂಬೆಯ ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ, ಹೆಬ್ಬೆರಳಿನಿಂದ ಮಡಚಿ ತಿರುವುತ್ತಾರೆ. ಸಿಪ್ಪೆಯಿಂದ ಸಿಡಿದ ಎಣ್ಣೆ ಸ್ಪಂಜಿಗಿಳಿಯುತ್ತದೆ. ಸ್ಪಂಜು ನೆನೆದಾಗ ಅದನ್ನು ಪಿಂಗಾಣಿ ಬಟ್ಟಲಿಗೆ ಹಿಂಡುತ್ತಾರೆ. ಗೋಡೆಗುಂಟ ಬಂದ ಇರುವೆಗಳ ಸಾಲು ಬಟ್ಟಲಿನ ವಾಸನೆಗೆ ತಡೆದು ನಿಂತು, ದೂರದಿಂದ ಬಳಸಿಕೊಂಡು ಹೋಗುತ್ತದೆ.

"ಬೇಗ ಮುಗಿಸ್ಬೇಕು. ಬಿಸಿಲು ಬಂದ್ರೆ ಈ ಎಣ್ಣೆ ಬುದ್ಧಿನೇ ಬೇರೆ" ಎನ್ನುತ್ತಾರೆ.

ಶೆಡ್ಡು ಯಮುನ ಅವರದು. ಇಲ್ಲಿ ಗಜನಿಂಬೆಯ ರಸ ಉಪ್ಪಿನಕಾಯಿಗೆ, ಶರಬತ್ತಿಗೆ ಹೋಗುತ್ತದೆ. ಹಿಂದೆ ತಿಪ್ಪೆ ಸೇರುತ್ತಿದ್ದ ಸಿಪ್ಪೆಯಿಂದ ಈಗ ಸೋಪು ಮಾಡುವವರಿಗೆ ಎಣ್ಣೆ. ಇಡೀ ಬೆಳಗಿನ ಜಾವ ಒತ್ತಿದರೂ ಒಂದು ಸಣ್ಣ ಬಾಟಲಿ ತುಂಬುವುದು ಕಷ್ಟ. ಗ್ಲೌಸು ಹಾಕಬಹುದಲ್ಲ ಎಂದರೆ ನೀಲಾವತಿ ನಗುತ್ತಾರೆ. "ರಬ್ಬರನ್ನೂ ಬಿಡಲ್ಲ ಇದು. ನಾಕು ದಿನಕ್ಕೆ ಅಂಟಂಟು. ಬರಿಗೈಲೇ ಆಗ್ಬೇಕು."

ಹಾಸನದ ಕಡೆಯಿಂದ ಬಂದು ನೆಲೆಸಿದವರ ಬೀದಿಯಲ್ಲಿ ನೀಲಾವತಿ ಎಂದರೆ ಕೂಸುಗಳಿಗೆ ನೀರು ಹಾಕುವವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಚ್ಚಲಿಗೆ ಅವರೇ ಬರಬೇಕಿತ್ತು. ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡರೆ ಎಂಥ ರಚ್ಚೆಯ ಮಗುವೂ ಕಣ್ಣು ಮುಚ್ಚುತ್ತಿತ್ತು.

ಎಣ್ಣೆ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಪ್ಪಾಯಿತು. ಕೈಯನ್ನು ಬರೀ ನೀರಲ್ಲಿ ತೊಳೆದು, ಸುಡುಬಿಸಿಲಲ್ಲಿ ಕೂತು ರಾಗಿ ಹರವಿದರು. ಮರುದಿನ ಉರಿ, ಆಮೇಲೆ ಬೊಬ್ಬೆ, ಕೊನೆಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಕಂದು ಗೆರೆಗಳು. ಎಣ್ಣೆ ಹರಿದ ದಾರಿಯೆಲ್ಲ ಚರ್ಮದ ಮೇಲೆ ಬರೆದಂತಿತ್ತು. ಹಸಿ ಸಿಪ್ಪೆಯ ಎಣ್ಣೆಯ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಇದು ಅಂಟುವ ರೋಗವಲ್ಲ ಎಂದರು ಕುಶಾಲನಗರದ ಡಾಕ್ಟರು. ಅಷ್ಟರಲ್ಲಿ ಬೀದಿ ತನ್ನದೇ ತೀರ್ಮಾನಕ್ಕೆ ಬಂದಾಗಿತ್ತು. ಪಕ್ಕದ ಮನೆಯ ಲಿಂಗಮ್ಮ, ಮೊಮ್ಮಗಳು ಧನುಶ್ರೀಯನ್ನು ಎದೆಗವಚಿಕೊಂಡು ಹೊಸ್ತಿಲಲ್ಲೇ ಹೇಳಿದ್ದರು: "ನಾನೇ ನೀರು ಹಾಕ್ಕೊತೀನಿ ಬಿಡವ್ವ."

"ಆವತ್ತು ಉರಿದಷ್ಟು ಬೊಬ್ಬೆ ಎದ್ದಾಗ್ಲೂ ಉರೀಲಿಲ್ಲ" ಎನ್ನುತ್ತಾರೆ ನೀಲಾವತಿ. ಆದರೂ ಕೆಲಸ ಬಿಡಲಿಲ್ಲ. ಕತ್ತಲಿರುವಾಗಲೇ ಶುರು ಮಾಡಿ, ಬಿಸಿಲೇಳುವ ಮೊದಲೇ ಮುಗಿಸುವುದನ್ನು ರೂಢಿಸಿಕೊಂಡರು. ಗೆರೆಗಳು ನಿಧಾನವಾಗಿ ಮಾಸಿದವು. ಜನರೂ ಮರೆತರು.

ಈಗ ಮಗಳು ಸೌಮ್ಯ ಬಾಣಂತನಕ್ಕೆ ಬಂದಿದ್ದಾಳೆ. ಬೀದಿಯವರದು ಯಾವ ತಕರಾರೂ ಇಲ್ಲ. ಈ ಸಲ ಒಲ್ಲೆನೆಂದವರು ನೀಲಾವತಿಯೇ. "ನೀರು ಹಾಕಿದ್ಮೇಲೆ ಕೂಸನ್ನ ಎಳೆಬಿಸಿಲಿಗೆ ಹಿಡೀಬೇಕಲ್ವಾ? ನನ್ನ ಉಗುರು ಸಂದೀಲಿ ಒಂದು ತೊಟ್ಟು ಉಳಿದಿದ್ರೆ?"

"ಒಂದು ತಿಂಗ್ಳು ರಜೆ ತಗೊಳ್ಳಿ ನೀಲಕ್ಕ" ಎಂದು ಯಮುನ ಒತ್ತಾಯಿಸಿದ್ದಾರೆ. "ಸಿಪ್ಪೆ ಒಣಗಿದ್ಮೇಲೆ ಎಣ್ಣೆ ಎಲ್ಲಿ ಹುಡುಕ್ತೀಯವ್ವ?" ಎಂಬುದು ಉತ್ತರ. ಈ ಕೈಚಳಕ ಶೆಡ್ಡಿನಲ್ಲಿ ಇನ್ನೊಬ್ಬರಿಗೆ ಬಂದಿಲ್ಲ.

ಬೆಳಕು ಹರಿಯುತ್ತದೆ. ನೀಲಾವತಿ ಬಟ್ಟಲು ಮುಚ್ಚಿ, ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಡಲೆಹಿಟ್ಟಲ್ಲಿ ಉಜ್ಜಿ, ಸೋಪು ಹಾಕಿ ತೊಳೆದು, ಉದ್ದ ತೋಳಿನ ಶರಟು ಹಾಕಿಕೊಂಡು ಮನೆಯತ್ತ ನಡೆಯುತ್ತಾರೆ.

ಬಚ್ಚಲಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತವರು ಅದೇ ಲಿಂಗಮ್ಮ. ನೀಲಾವತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಾಗಿಲಲ್ಲಿ ನಿಲ್ಲುತ್ತಾರೆ.

"ನೆತ್ತಿಗೆ ಮೆತ್ತಗೆ ಹಾಕೇ! ಎಮ್ಮೆ ತೊಳೀತಿದ್ದೀಯಾ?"

"ನಿನ್ ಮೊಮ್ಮಗ ನನ್ನ ಕಂಡ್ರೆ ಕಿರುಚ್ತಾನೆ ಕಣೆ. ಅವ್ನಿಗೂ ಗೊತ್ತು, ಇದು ನೀಲನ ಕಾಲಲ್ಲ ಅಂತ" ಎನ್ನುತ್ತಾರೆ ಲಿಂಗಮ್ಮ, ತಲೆ ಎತ್ತದೆ.

ನೀಲಾವತಿಯ ಮುಖ ಅರಳುತ್ತದೆ. ಅಂಗಳಕ್ಕೆ ಬಂದು ಜಗಲಿಯ ನೆರಳಲ್ಲೇ ಕೂರುತ್ತಾರೆ.

"ಈ ಸಲದ ಕಾಯಿ ಮುಗೀಲಿ" ಎನ್ನುತ್ತಾರೆ. "ನಾನೇ ನೀರು ಹಾಕ್ತೀನಿ. ಆಮೇಲೆ ಅವ್ನೂ ನಾನೂ ಇಬ್ರೂ ಬಿಸಿಲಲ್ಲಿ ಕೂರ್ತೀವಿ."