ಬೀಗರ ಮಡೆಯ ಕಲ್ಲು

ಕಮಲಾಪುರದ ಕೆಳಗಿನ ನಮ್ಮ ತೂಬಿಗೆ ಉಚ್ಚೆಂಗಪ್ಪ ಹದಿನಾಲ್ಕು ವರ್ಷ ನೀರುಗಂಟಿಯಾಗಿದ್ದ. ಕಾಲುವೆಯಿಂದ ಇಳಿದ ನೀರನ್ನು ನಲವತ್ತು ಗದ್ದೆಗಳಿಗೆ ಪಾಳಿಯ ಪ್ರಕಾರ ಹಂಚುವುದು ಅವನ ಕೆಲಸ. ಪಾಳಿಯ ದಿನ ತೂಬಿನಿಂದ ಹೊರಟು, ಒಂದೊಂದು ಗದ್ದೆಗೂ ನೀರು ತಿರುಗುವ ಮಡೆಯನ್ನೂ ನೋಡುತ್ತ ಇಳಿಯುವನು. ಮಡೆಯ ಬಾಯಲ್ಲಿ ಕೂರಿಸಿದ ಕಲ್ಲು ಎಷ್ಟು ಎತ್ತರವೋ ಅದರ ಮೇಲೆ ಆ ಗದ್ದೆಗೆ ಎಷ್ಟು ನೀರು ಎಂಬುದು ನಿಂತಿರುತ್ತದೆ. ಕಲ್ಲು ತಗ್ಗಿದರೆ ನೀರು ಅಲ್ಲೇ ನುಗ್ಗುತ್ತದೆ, ಕೆಳಗಿನವರ ಬಾಯಿಗೆ ಮಣ್ಣು. ಕಡೆಯ ಗದ್ದೆಯ ಕೆಸರಲ್ಲಿ ಕಾಲಿಟ್ಟ ಮೇಲೆಯೇ ಅವನು ಬುತ್ತಿ ಬಿಚ್ಚುತ್ತಿದ್ದ. ಅಷ್ಟು ಹೊತ್ತಿಗೆ ಒಮ್ಮೊಮ್ಮೆ ಮಧ್ಯಾಹ್ನ ಮೂರು ಗಂಟೆಯಾಗಿರುತ್ತಿತ್ತು, ರೊಟ್ಟಿ ಒಣಗಿರುತ್ತಿತ್ತು.

ಇಂಥವನನ್ನು ಕೆಡಿಸಿದವರು ನಾವೇ. ಎಪ್ಪತ್ತೆಂಟರಲ್ಲಿ ತೂಬಿನ ಸಂಘ ಕಟ್ಟಿ ಅವನನ್ನು ಅಧ್ಯಕ್ಷನನ್ನಾಗಿ ಮಾಡಿದೆವು. ಅವನ ಕೈಕೆಳಗೆ ಮಾರೆಪ್ಪ ಎಂಬ ಹೊಸ ನೀರುಗಂಟಿಯನ್ನು ಇಟ್ಟೆವು. ನಾನು ಕಾರ್ಯದರ್ಶಿ. ಹಾರ ಹಾಕಿ, ಹೊಗಳಿ ಅಟ್ಟಕ್ಕೇರಿಸುವ ಭಾಷಣ ಬರೆದವನೂ ನಾನೇ. ಆ ಕಾಲದಲ್ಲಿ ನಮ್ಮ ಕಡೆ ಕಬ್ಬು, ಬಾಳೆ, ನೆಲ್ಲು ಎಲ್ಲವೂ ಕೈಹಿಡಿದಿದ್ದವು. ಹೊಟ್ಟೆ ತುಂಬಿದ ಜನಕ್ಕೆ ಯಜಮಾನನೊಬ್ಬ ಬೇಕಾಗಿದ್ದ. ಅಣ್ಣತಮ್ಮಂದಿರ ಜಗಳಕ್ಕೆ ಉಚ್ಚೆಂಗಪ್ಪ, ಮದುವೆ ಮಾತಿಗೆ ಉಚ್ಚೆಂಗಪ್ಪ, ಹೊಸಪೇಟೆಯಿಂದ ಸಾಹೇಬರು ಬಂದರೆ ಎಳನೀರು ಕೊಡಲು ಉಚ್ಚೆಂಗಪ್ಪ. ಕರೆದಲ್ಲಿಗೆ ಹೋಗುವನು, ಹೋದ ಕೆಲಸ ಚೆನ್ನಾಗಿಯೇ ಮಾಡುವನು. ಎಂಬತ್ತೊಂದರಿಂದ ಈಚೆಗೆ ಮಾತ್ರ ಕಾಲುವೆಯ ಏರಿಯಿಂದ ಗದ್ದೆಗಿಳಿಯಲೇ ಇಲ್ಲ. ಪಾಪ, ಪುರುಸೊತ್ತಿಲ್ಲ ಎಂದೆವು.

ಪುರುಸೊತ್ತಿನ ಮಾತು ಸುಳ್ಳು. ಆ ವರ್ಷ ಅವನ ಮಗಳು ಜಂಬವ್ವ ಪಾಲಪ್ಪನ ಮನೆಗೆ ಸೊಸೆಯಾಗಿ ಹೋಗಿದ್ದಳು. ಪಾಲಪ್ಪನ ಗದ್ದೆ ಸಾಲಿನ ನಡುವೆ. ಮದುವೆಯಾದ ಮೂರು ತಿಂಗಳಿಗೆ ಅವನು ನೆಲ್ಲು ಬಿಟ್ಟು ಬಾಳೆ ಹಾಕಿದ, ಮಡೆಯ ಕಲ್ಲನ್ನು ಕಿತ್ತು ಒಂದು ಗೇಣು ಕೆಳಗೆ ಹೂಳಿದ. ಇದು ಎಲ್ಲರಿಗೂ ಗೊತ್ತಿತ್ತು. ನನ್ನ ಗದ್ದೆ ಮೇಲಿನ ಕಡೆ, ನನಗೆ ನೀರಿನ ಕೊರತೆಯಿರಲಿಲ್ಲ, ಹಾಗಾಗಿ ನನ್ನದೂ ಜಾಣ ಕುರುಡು. ಮೊದಲೆರಡು ವರ್ಷ ಮಳೆ ಚೆನ್ನಾಗಿ ಆಗಿ ಯಾರಿಗೂ ಬಿಸಿ ತಟ್ಟಲಿಲ್ಲ. ಎಂಬತ್ಮೂರರಲ್ಲಿ ತಟ್ಟಿತು.

ತಟ್ಟಿದ್ದು ದುರ್ಗಕ್ಕನಿಗೆ. ಕಡೆಯ ಒಂದೂವರೆ ಎಕರೆ ಅವಳದು. ಅದೇ ಅವಳ ಮನೆಯ ವರ್ಷದ ಕೂಳು. ಕಾರ್ತಿಕದ ಒಂದು ಬೆಳಿಗ್ಗೆ ಸಂಘದ ಕೋಣೆಗೆ ಬಂದಳು. ಉಚ್ಚೆಂಗಪ್ಪ ನಾಲ್ಕೈದು ಜನರನ್ನು ಸುತ್ತ ಕೂರಿಸಿಕೊಂಡು ಊರಿಗೆ ಬಸ್ ಸ್ಟಾಪು ಎಲ್ಲಿ ಆಗಬೇಕೆಂದು ಮಾತಾಡುತ್ತಿದ್ದ.

"ಅಣ್ಣಾ, ನೆಲ್ಲು ಹೊಡಿ ಬಂದೈತಿ, ತೆನಿ ಹೊರಡೋ ಹೊತ್ತು. ಎರಡು ಪಾಳಿ ಆತು, ನೀರು ನನ್ನ ಬದು ಮುಟ್ಟಿಲ್ಲ. ಇನ್ನ ನಾಕು ದಿನಕ್ಕ ಬರ್ಲಿಲ್ಲ ಅಂದ್ರ ತೆನಿಗೆ ಹಾಲು ಕೂಡಂಗಿಲ್ಲ."

"ಮಾರೆಪ್ಪಗ ಹೇಳ್ತೀನಿ ತಂಗಿ. ನಾಳೆ ಸಾಹೇಬ್ರು ಬರ್ತಾರ, ಬಸ್ ಸ್ಟಾಪಿನ ಜಾಗ ತೋರಸ್ಬೇಕು."

"ಮಾರೆಪ್ಪಗ ನಾನ ಹೇಳೀನಿ. ಯಜಮಾನ್ರ ಬೀಗರ ಮಡಿ ಮುಟ್ಟಾಕ ನನಗೇನ್ ಎರಡು ತಲಿ ಅದಾವೇನು ಅಂದ." ದುರ್ಗಕ್ಕ ದನಿ ಏರಿಸಲಿಲ್ಲ. "ಬಸ್ ಸ್ಟಾಪಿನ ಜಾಗ ಯಾರ ಬೇಕಾದ್ರೂ ತೋರಸ್ತಾರಣ್ಣ. ಆ ಕಲ್ಲು ಎತ್ತಾಕ ಇರೋದು ನೀವೊಬ್ಬರ."

ನಾನು ಖಾಲಿ ಪುಸ್ತಕದಲ್ಲಿ ಏನೋ ಬರೆಯುತ್ತಿರುವವನಂತೆ ತಲೆ ತಗ್ಗಿಸಿದೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಉಚ್ಚೆಂಗಪ್ಪ ದುರ್ಗಕ್ಕನ ಕಾಲಿನ ಒಣ ಮಣ್ಣನ್ನೇ ನೋಡಿದ. ಆಮೇಲೆ ಎದ್ದು, ಹೆಗಲ ಮೇಲಿನ ಇಸ್ತ್ರಿ ಮಾಡಿದ ವಲ್ಲಿಯನ್ನು ಕುರ್ಚಿಗೆ ಹಾಕಿ ಹೊರಟ. ಮಾರೆಪ್ಪನ ಕೈಯಿಂದ ಹಾರೆ, ಸಲಿಕೆ ಇಸಿದುಕೊಂಡ. ನಾವೂ ಹಿಂದೆ ನಡೆದೆವು.

ಪಾಲಪ್ಪ ಬಾಳೆಯ ನಡುವಿಂದ ನಗುತ್ತಲೇ ಬಂದ. ನಗದೆ ಏನು ಮಾಡಿಯಾನು, ಗೊನೆಗಳು ನೆಲ ಮುಟ್ಟುವಂತಿದ್ದವು.

"ಬರ್ರಿ ಬೀಗ್ರೇ, ಕುಂದ್ರಿ. ಭಾಳ ದಿನಕ್ಕ ಈ ಕಡಿ ಬಂದ್ರಿ."

"ಕುಂದ್ರಾಕ ಬಂದಿಲ್ಲ. ಕಲ್ಲು ಎತ್ತಾಕ ಬಂದೀನಿ."

ಪಾಲಪ್ಪನ ನಗು ಇಳಿಯಿತು. "ನಿಮ್ಮ ಮಗಳು ನಮ್ಮ ಮನ್ಯಾಗ ಅದಾಳ. ನೆನಪೈತಿಲ್ಲ?"

"ಅದು ನೆನಪಿದ್ದಕ್ಕ ಎರಡು ವರ್ಷ ಈ ಕಡಿ ಬರ್ಲಿಲ್ಲ" ಎಂದು ಉಚ್ಚೆಂಗಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ.

ಕಲ್ಲು ಸುಲಭಕ್ಕೆ ಏಳಲಿಲ್ಲ. ಐವತ್ತೈದು ದಾಟಿದ ಮೈ, ಕೂತು ಕೂತು ಹೊಟ್ಟೆ ಬೇರೆ ಬಂದಿತ್ತು. ನಾನು ಕೈಹಾಕಲು ಹೋದರೆ ಬ್ಯಾಡ ಅಂದ. ಅಡಿಗೆ ಜಲ್ಲಿ ಬಿಗಿದು, ಕಲ್ಲನ್ನು ಹಳೆಯ ಎತ್ತರಕ್ಕೆ ಕೂರಿಸಿ, ಅಲ್ಲಿಂದ ಕೆಳಗೆ ಪ್ರತಿ ಮಡೆ ನೋಡುತ್ತ ಇಳಿದ. ಸಂಜೆಗೆ ಮುಂಚೆ ನೀರು ದುರ್ಗಕ್ಕನ ಬದು ದಾಟಿತು. ಅವಳ ಎದುರು ನಿಂತು, ನಮ್ಮೆಲ್ಲರಿಗೂ ಕೇಳುವಂತೆ, "ತಪ್ಪಾತು ತಂಗಿ" ಅಂದ. ದುರ್ಗಕ್ಕ ನೀರು ಎಲ್ಲಿ ನಿಂತಿದೆ ಎಂದು ನೋಡಲು ಗದ್ದೆಯೊಳಗೆ ಹೋದಳು.

ಕೊಯ್ಲಿನಲ್ಲಿ ಅವಳಿಗೆ ಅರ್ಧ ಕಾಳು, ಅರ್ಧ ಜೊಳ್ಳು. ನೀರು ಮುಟ್ಟುವುದರೊಳಗೆ ಕೆಟ್ಟದ್ದು ಕೆಟ್ಟುಹೋಗಿತ್ತು. ಆ ವರ್ಷ ಅವಳು ಮಳೆಗಾಲದ ತನಕ ಬೇರೆಯವರ ಕಬ್ಬಿನ ಗದ್ದೆಗೆ ಕೂಲಿಗೆ ಹೋದಳು.

ಯುಗಾದಿಗೆ ಪಾಲಪ್ಪ ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಹಬ್ಬದ ದಿನ ನಾನು ಉಚ್ಚೆಂಗಪ್ಪನ ಮನೆಗೆ ಹೋದೆ. ಅವನ ಹೆಂಡತಿ ವಿರುಪಮ್ಮ ಹೋಳಿಗೆ ಬಡಿಸಿದಳು. ಬಾಗಿಲ ಹತ್ತಿರ ಸಪ್ಪಳವಾದಾಗಲೆಲ್ಲ ತಿರುಗಿ ನೋಡುತ್ತಿದ್ದಳು. ಏನಾದರೂ ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ.

"ಮದಲ ವರ್ಷನ ಎತ್ತಿದ್ರೂ ಕಲ್ಲು ಇಷ್ಟ ಭಾರ ಇರ್ತಿತ್ತು. ಮಗಳನ್ನ ಆಗಲೂ ಕಳಸ್ತಿರ್ಲಿಲ್ಲ. ದುರ್ಗಕ್ಕನ ನೆಲ್ಲಾದ್ರೂ ಉಳೀತಿತ್ತು."