ಮೊದಲು ತವರು ಕೇಳುವ ಖುರ್ಷೀದಬೇಗಂ

ಸುರಪುರದ ಗುಡ್ಡದ ನೆತ್ತಿಗೆ ಇನ್ನೂ ಬಿಸಿಲು ತಾಕಿಲ್ಲ. ತಾಲೂಕು ಕಚೇರಿಯ ಹಿಂದಿನ ಹಳೇ ಕಾಗದಪತ್ರಗಳ ಕೋಣೆಯ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಖುರ್ಷೀದಬೇಗಂ ಸೆರಗಿನಿಂದ ಮೂಗು-ಬಾಯಿ ಕಟ್ಟಿಕೊಂಡು, ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಇಳಿಸಿ, ಮೆಲ್ಲಗೆ ತಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದಾರೆ. ಗೆದ್ದಲು ಹೊಕ್ಕಿದ್ದರೆ ಒಳಗೊಳಗೇ ಕರಕರ ಸಪ್ಪಳ ಬರುತ್ತದಂತೆ. ಈ ಗಂಟಿಗೆ ಇಲ್ಲಿ ಬಸ್ತಾ ಎನ್ನುತ್ತಾರೆ. ಒಂದೊಂದು ಬಸ್ತಾದಲ್ಲಿ ಒಂದೊಂದು ಊರಿನ ಹುಟ್ಟು-ಸಾವು.

"ಕೂಸಿಗೆ ನೆಗಡಿ ಆದ್ರ ಎದಿಗೆ ಕಿವಿ ಹಚ್ಚಿ ಕೇಳ್ತೀವಲ್ರಿ, ಹಂಗ ಇದು" ಎಂದು ನಗುತ್ತಾರೆ.

ಐವತ್ತು ದಾಟಿದ ಖುರ್ಷೀದಬೇಗಂ ಇಲ್ಲಿ ದಿನಗೂಲಿಯವರು. ಕಸ ಹೊಡೆಯುವುದು, ಬಸ್ತಾ ಬಿಚ್ಚಿ ಕೊಡುವುದು, ಮತ್ತೆ ಕಟ್ಟಿಡುವುದು ಅವರ ಕೆಲಸ. ಅಪ್ಪ ಇನಾಯತ ಇದೇ ಕಚೇರಿಯಲ್ಲಿ ಜವಾನರಾಗಿದ್ದವರು. ನಿಜಾಮರ ಕಾಲದ ಉರ್ದು ಬರಹವನ್ನೂ ಕನ್ನಡವನ್ನೂ ಮಗಳಿಗೆ ಮುದ್ದು ಮಾಡುತ್ತಲೇ ಕಲಿಸಿದರು. ಗಂಡ ತೀರಿಕೊಂಡ ಮೇಲೆ ಆ ಅಕ್ಷರಗಳೇ ಆಕೆಯ ಕೈ ಹಿಡಿದವು. ಈಗ ದೂಳು ಕುಡಿದು ಉಬ್ಬಸ ಅಂಟಿಕೊಂಡಿದೆ, ಕೆಲಸ ಖಾಯಂ ಆಗಿಲ್ಲ. ಆದರೂ ಮರಣದ ದಾಖಲೆ ಬೇಕೆಂದು ಅರ್ಜಿ ಹಿಡಿದು ಬಂದವರನ್ನೆಲ್ಲ ಸಾಹೇಬರು ಕಳಿಸುವುದು ಈಕೆಯ ಹತ್ತಿರಕ್ಕೇ. ದಿನಕ್ಕೆ ಹತ್ತು-ಹನ್ನೆರಡು ಮಂದಿಯಾದರೂ ಬರುತ್ತಾರೆ.

ಬಂದವರು ಸತ್ತವರ ಹೆಸರು ಹೇಳಹೊರಟರೆ ಕೈ ಅಡ್ಡ ಹಿಡಿಯುತ್ತಾರೆ. "ಹೆಸರು ಆಮ್ಯಾಲ ಹೇಳ್ರಿ. ಹೊಲದಾಗ ಏನಿತ್ತು? ಜ್ವಾಳ ತೆನಿ ಕಟ್ಟಿತ್ತೋ, ಶೇಂಗಾ ಕೀಳಾಕತ್ತಿದ್ರೋ?" ತಾರೀಖು ಮರೆತವರೂ ಬೆಳೆ ಮರೆತಿರುವುದಿಲ್ಲ ನೋಡಿ! ಹೆಂಗಸಿನ ದಾಖಲೆಯಾದರೆ ಮೊದಲ ಪ್ರಶ್ನೆಯೇ ಬೇರೆ. "ತವರು ಯಾವೂರು?" ಹಳೇ ಕಾಲರಾ ಪಿಡುಗಿನ ಬಗ್ಗೆ ಸಂಶೋಧನೆಗೆಂದು ಕಲಬುರಗಿಯಿಂದ ಬರುವ ಸುಕನ್ಯಾಗೂ ಇದನ್ನೇ ಹೇಳಿಕೊಟ್ಟಿದ್ದಾರೆ. "ಗಂಡನ ಊರಾಗಷ್ಟ ಹುಡುಕಬ್ಯಾಡ ಮಗಳ. ಬಾಣಂತ್ಯಾರು ತವರಾಗ ಇರ್ತಾರ."

ಹೋದ ಚಳಿಗಾಲದಲ್ಲಿ ದೋರನಹಳ್ಳಿಯ ಗುರುಲಿಂಗಮ್ಮ ಬಂದಿದ್ದರು. ಅರವತ್ತು ದಾಟಿದ, ಕುರಿ-ಆಡು ಸಾಕಿ ಬದುಕಿದ ಜೀವ. ಅವರಿಗೆ ಬೇಕಾಗಿದ್ದುದು ತಮ್ಮ ಅವ್ವ ಸತ್ತ ದಿನ. ಹೆರಿಗೆಯಲ್ಲಿ ತಾಯಿ ಹೋದಳು, ಕೂಸು ಉಳಿಯಿತು ಎಂಬುದು ಮನೆಯ ಮಾತು. ಅಂದಿನಿಂದಲೂ ಈಕೆ "ಅವ್ವನ್ನ ನುಂಗಿ ಹುಟ್ಟಿದಾಕಿ". ಊರ ಬಾಯಿಗೆ ಮುಚ್ಚಳ ಹಾಕಲಾದೀತೇ? ಪಾಪ, ಆಕೆಯೂ ಅದನ್ನೇ ನಂಬಿ ಯಾರ ಬಾಣಂತಿ ಕೋಣೆಗೂ ಕಾಲಿಟ್ಟವರಲ್ಲ. ತಮ್ಮ ಮಕ್ಕಳಿಗೇ ಎಳೆತನದಲ್ಲಿ ನೀರೆರೆದಿಲ್ಲ, ಬೇರೆಯವರಿಂದ ಎರೆಸಿದರು. ಈಗ ಮೊಮ್ಮಗಳು ಉಮಾ ಚೊಚ್ಚಲು ಹೆರಿಗೆಗೆ ಬಂದಿದ್ದಳು. "ಕೂಸಿಗೆ ನೀನ ಎರೀಬೇಕು ಆಯಿ" ಎಂದು ಅಜ್ಜಿಯ ಬೆನ್ನು ಹತ್ತಿದ್ದಳು.

"ಅವ್ವ ಸತ್ತ ದಿನ ಗೊತ್ತಾದ್ರ ಎಡಿ ಹಿಡದು, ತಪ್ಪಾತವ್ವಾ ಅಂತ ಕೇಳ್ಕೋತೇನಿ. ಆಮ್ಯಾಲ ಕೂಸಿನ್ನ ಮುಟ್ಟತೇನಿ ತಂಗಿ" ಎಂದರು ಗುರುಲಿಂಗಮ್ಮ.

ದೋರನಹಳ್ಳಿ ಶಹಾಪುರ ತಾಲೂಕಿನದು; ಅಲ್ಲಿ ಹುಡುಕಿಸಿ ಆಗಿತ್ತು. ದೋರನಹಳ್ಳಿಯ ಪುಸ್ತಕದಲ್ಲಿ ಅವ್ವ ಸೌಭಾಗ್ಯಮ್ಮನ ಹೆಸರೇ ಇರಲಿಲ್ಲ. ತವರು ಕೆಂಭಾವಿ ಎಂದ ಕೂಡಲೇ ಖುರ್ಷೀದಬೇಗಂ ಆ ಊರಿನ ಬಸ್ತಾ ಇಳಿಸಿದರು. ಅದರಲ್ಲೂ ಸೌಭಾಗ್ಯಮ್ಮ ಇಲ್ಲ! ಗುರುಲಿಂಗಮ್ಮನ ಮುಖ ಸಣ್ಣದಾಯಿತು.

"ಊರಿಗೆ ಬಂದಾಕಿ ನೀರಿಗೆ ಬರಂಗಿಲ್ಲೇನು? ಸಿಗ್ತಾಳ, ತಡೀರಿ. ನಿಮ್ಮ ಅಪ್ಪನ ಅವ್ವನ ಹೆಸರೇನು?"

"ಹಣಮಂತಮ್ಮ."

ಖುರ್ಷೀದಬೇಗಂ ಹಣೆ ಬಡಿದುಕೊಂಡರು. ಈ ಸೀಮೆಯಲ್ಲಿ ಅತ್ತೆಯ ಹೆಸರೇ ಸೊಸೆಗೂ ಇದ್ದರೆ ಮದುವೆಯ ದಿನವೇ ಸೊಸೆಯ ಹೆಸರು ಬದಲಾಗುತ್ತದೆ. ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗಲು ಯಾವ ಮಗನಿಗೆ ಬಾಯಿ ಬಂದೀತು? ತವರಿನವರಿಗೆ ಮಾತ್ರ ಆಕೆ ಕೊನೆಯವರೆಗೂ ತೊಟ್ಟಿಲಲ್ಲಿಟ್ಟ ಹೆಸರಿನವಳೇ. ಖುರ್ಷೀದಬೇಗಂ ಮತ್ತೆ ಮೊದಲ ಹಾಳೆಗೆ ಬಂದರು, ಈ ಸಲ ಹಣಮಂತಮ್ಮನನ್ನು ಹುಡುಕುತ್ತ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸಿಕ್ಕಳು. ಹಣಮಂತಮ್ಮ, ಗಂಡನ ಊರು ದೋರನಹಳ್ಳಿ. ಗಂಡನ ಹೆಸರೂ ಸರಿಹೊಂದಿತು. ಸಾವಿಗೆ ಕಾರಣ ಎಂಬಲ್ಲಿ "ಕಾಲರಾ" ಎಂದಿತ್ತು. ಖುರ್ಷೀದಬೇಗಂ ಅಷ್ಟಕ್ಕೇ ಬಿಡಲಿಲ್ಲ. ಅದೇ ಬಸ್ತಾದ ಜನನದ ಪುಸ್ತಕವನ್ನೂ ತೆರೆದು, ಅದೇ ತಾಯಿಯ ಹೆಣ್ಣು ಕೂಸನ್ನು ಹುಡುಕಿದರು. ಎರಡು ತಾರೀಖುಗಳ ಮೇಲೂ ಬೆರಳಿಟ್ಟು ನೋಡಿ, ಮತ್ತೊಮ್ಮೆ ನೋಡಿದರು.

"ಯಾ ಅಲ್ಲಾ! ಯಕ್ಕಾ, ನೀವು ಹುಟ್ಟಿದ್ದು ದೀಪಾವಳಿ ಮುಂದ. ಅವ್ವ ಹೋಗಿದ್ದು ಯುಗಾದಿ ಆದಮ್ಯಾಲ, ಕಾಲರಾ ಬಡದು. ನೀವೆಲ್ಲಿ ನುಂಗೀರಿ?"

ಹೆರಿಗೆಗೆಂದು ತವರಿಗೆ ಹೋದ ಸೊಸೆ ತಿರುಗಿ ಬರಲಿಲ್ಲ. ಬಾಣಂತಿ ಸತ್ತಳು ಎಂಬ ಸುದ್ದಿಯಷ್ಟೇ ಗಂಡನ ಮನೆ ಮುಟ್ಟಿತು. ಮಿಕ್ಕಿದ್ದನ್ನೆಲ್ಲ ಬಾಯಿಗಳು ಕಟ್ಟಿಕೊಂಡವು.

ಗುರುಲಿಂಗಮ್ಮ ಹೊಸ್ತಿಲ ಮೇಲೆಯೇ ಕುಸಿದು ಕೂತರು.

"ಆಡಿನ ಹಾಲು ಕುಡದು ಬೆಳದಾಕಿ ಅಂತಿದ್ರು ನನಗ. ಹಂಗಾದ್ರ ನಾ ಅವ್ವನ ಹಾಲು ಕುಡದೀನೇನು ತಂಗಿ?"

"ಕುಡದೀರಿ ಯಕ್ಕಾ. ಹೊಟ್ಟಿ ತುಂಬ ಕುಡದೀರಿ."

ಇಬ್ಬರೂ ಅಲ್ಲೇ ಕೂತು ಅತ್ತರು. ಅರ್ಜಿ ಹಿಡಿದು ನಿಂತಿದ್ದವರು ಸದ್ದಿಲ್ಲದೆ ಪಕ್ಕಕ್ಕೆ ಸರಿದರು.

ಈಗ ದೋರನಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಗುರುಲಿಂಗಮ್ಮ ಕಾಲು ಚಾಚಿ ಕೂತು, ಉಮಾಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಾರೆ. ಯುಗಾದಿ ಕಳೆದ ಮೇಲೆ ಅವ್ವನಿಗೆ ಹೋಳಿಗೆಯ ಎಡೆ ಹಿಡಿದರು. ತಪ್ಪಾಯಿತು ಎಂದು ಕೇಳಲಿಲ್ಲ. ಖುರ್ಷೀದಬೇಗಂ ಕೂಸನ್ನು ನೋಡಲು ಹೋಗಿ ತಲೆ-ಬೆನ್ನು ಮುಚ್ಚುವ ಕುಂಚಿಗೆಯನ್ನು ಉಡುಗೊರೆ ಕೊಟ್ಟು ಬಂದಿದ್ದಾರೆ.

ಕೆಲಸ ಖಾಯಂ ಆಗಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ, ಕೆಂಭಾವಿಯ ಬಸ್ತಾದ ಗಂಟು ಬಿಗಿಯುತ್ತ ಹೇಳುತ್ತಾರೆ: "ಮಾಡಿದ್ರ ಬ್ಯಾಡ ಅನ್ನಂಗಿಲ್ರಿ. ಅದಕ್ಕಿಂತ ಮೊದಲ ಈ ಬಾಗಲ ಮುಂದ ಒಂದು ಬೆಂಚ್ ಹಾಕಿಸ್ರಿ. ಇಂಥಾ ಮಾತು ನಿಂತ್ಕೊಂಡು ಕೇಳಾಕ ಆಗಂಗಿಲ್ಲ."